ಮಾಳಿಗೆಯ ಕಟ್ಟೆಗೆ ದುಡ್ಡು ಯಾರು ಕೊಡಬೇಕು?

ಇಲ್ಲಿ ಶಿರಾಲಿಯಲ್ಲಿ ಕೂತವರಿಗೆ, ಭಟ್ಕಳ, ಹೊನ್ನಾವರ, ಕುಮಟಾದಿಂದ ಬಸ್ಸು ಹಿಡಿದು ಬಂದವರಿಗೆ, ಬೆಂಗಳೂರು-ಮಂಗಳೂರಿನ ಪಿಜಿಗಳಲ್ಲಿ ಕೂತು ಇದನ್ನು ಆಮೇಲೆ ಫೋನಿನಲ್ಲಿ ಓದುವ ತಮ್ಮ-ತಂಗಿಯರಿಗೂ ಈ ಮಾತು.

ಇವತ್ತಿನ ವಾಕ್ಯ ಧರ್ಮೋಪದೇಶಕಾಂಡ 22ನೇ ಅಧ್ಯಾಯ, 8ನೇ ವಚನ. ಮನೆಗೆ ಹೋಗಿ ನೀವೇ ತೆರೆದು ಓದಿ. ಹಕ್ಕಿಗೂಡಿನ ಮಾತಿಗೂ ದ್ರಾಕ್ಷೆ ತೋಟದ ಮಾತಿಗೂ ನಡುವೆ ಸಿಕ್ಕಿಕೊಂಡಿರುವ ಒಂದೇ ಒಂದು ವಚನ ಅದು. ಅದರ ಮೇಲೆ ಪ್ರಸಂಗ ಕೇಳಿದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಅಲ್ಲಿ ದೇವರು ಹೇಳುವುದು ಇಷ್ಟು: ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕಟ್ಟೆಯನ್ನೂ ಕಟ್ಟಬೇಕು. ಕಟ್ಟದೆ ಬಿಟ್ಟು, ಯಾರಾದರೂ ಅಲ್ಲಿಂದ ಬಿದ್ದರೆ, ಆ ರಕ್ತದ ಹೊಣೆ ಆ ಮನೆಯ ಮೇಲೆ.

ನಮ್ಮ ಕಡೆಯವರಿಗೆ ಇದು ಸ್ವಲ್ಪ ವಿಚಿತ್ರವಾಗಿ ಕೇಳುತ್ತದೆ. ಇಲ್ಲಿ ಇರುವುದು ಹೆಂಚಿನ ಮನೆ, ಇಳಿಜಾರು ಮಾಡು. ಈ ಮಳೆಗೆ ಯಾರು ಮಾಡಿನ ಮೇಲೆ ಮಲಗುತ್ತಾರೆ ಮಾರಾಯ್ರೆ? ಆದರೆ ಇಸ್ರಾಯೇಲ್ಯರ ಮನೆಗೆ ಚಪ್ಪಟೆ ಮಾಳಿಗೆ. ಊಟ, ಮಾತುಕತೆ, ನಿದ್ದೆ ಎಲ್ಲ ಅಲ್ಲೇ. ಬೆಂಗಳೂರಿನವರಿಗೆ ಟೆರೇಸ್, ಪ್ಯಾರಾಪೆಟ್ ಅಂದರೆ ಬೇಗ ಅರ್ಥ ಆದೀತು. ಶನಿವಾರ ರಾತ್ರಿ ಪಿಜಿಯ ಟೆರೇಸ್ ಮೇಲೆ ಏನೇನು ನಡೆಯುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಗಬೇಡಿ. ಊರಿನವರು ಬಾವಿಕಟ್ಟೆಯನ್ನು ನೆನಪು ಮಾಡಿಕೊಳ್ಳಿ. ಬಾವಿ ತೋಡಿ ಕಟ್ಟೆ ಕಟ್ಟದೆ ಬಿಟ್ಟವನನ್ನು ಊರು ಏನು ಅನ್ನುತ್ತದೆ?

ಈಗ ಈ ವಚನ ಏನನ್ನು ಕೇಳುವುದಿಲ್ಲ ಅಂತ ಗಮನಿಸಿ. ಬಿದ್ದವನು ಯಾಕೆ ಅಂಚಿಗೆ ಹೋದ ಅಂತ ಕೇಳುವುದಿಲ್ಲ. ಕುಡಿದಿದ್ದನೋ, ಹುಡುಗಾಟಕ್ಕೆ ಹೋದನೋ, ಅಪ್ಪ-ಅಮ್ಮ ಹೇಳಿದ್ದು ಕೇಳಲಿಲ್ಲವೋ, ಯಾವುದನ್ನೂ ಕೇಳುವುದಿಲ್ಲ. ಬೀಳುವವನ ತಪ್ಪು ಇದ್ದರೂ ಇರಬಹುದು. ಹಾಗಂತ ಕಟ್ಟದವನ ಹೊಣೆ ಕಡಿಮೆಯಾಗುವುದಿಲ್ಲ. ಹುಡುಗರು ಕುಡಿಯುವ ವಿಷಯ ಬಂದಾಗ ನಾವು ಮೊದಲು ಹೇಳುವ ಮಾತು ಯಾವುದು? ಅದು ಅವನ ಆಯ್ಕೆ. ಇಲ್ಲವೇ, ಮನೆಯಲ್ಲಿ ಬುದ್ಧಿ ಹೇಳಲಿಲ್ಲ. ಎರಡೂ ಸತ್ಯವೇ ಇರಬಹುದು. ಆದರೆ ಕಟ್ಟೆ ಕಟ್ಟಬೇಕಾದವರು ಯಾರು ಅನ್ನುವ ಪ್ರಶ್ನೆಗೆ ಅದು ಉತ್ತರ ಅಲ್ಲ.

ನಾವು ಬಿಡುಗಡೆಯನ್ನು ನಂಬುವ ಜನ. ಈ ಸಭೆಯಲ್ಲೇ ಇಪ್ಪತ್ತು ವರ್ಷ ಕುಡಿದು, ದೋಣಿಯ ಪಾಲಿನ ದುಡ್ಡು ದಡದಲ್ಲೇ ಕಳೆದು, ಕೊನೆಗೆ ಕರ್ತನು ಮುಟ್ಟಿ ಎಬ್ಬಿಸಿದ ಅಣ್ಣಂದಿರು ಇದ್ದಾರೆ. ಅವರು ಎದ್ದು ಸಾಕ್ಷಿ ಹೇಳಿದಾಗ ನಮ್ಮ ಕಣ್ಣು ತುಂಬುತ್ತದೆ, ಕೈ ಜೇಬಿಗೆ ಹೋಗುತ್ತದೆ. ಹೋಗಲೇಬೇಕು. ಒಳ್ಳೆಯ ಸಮಾರ್ಯನು ಗಾಯಗೊಂಡವನಿಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿ ಹೊರಟುಹೋಗಲಿಲ್ಲ, ಛತ್ರದವನ ಕೈಗೆ ಎರಡು ನಾಣ್ಯವನ್ನೂ ಕೊಟ್ಟ. ಲೂಕ 10.

ಆದರೆ ಎಂದೂ ಕುಡಿಯದ ಹುಡುಗನಿಗೆ ಏನು ಸಾಕ್ಷಿ ಉಂಟು? ಹದಿನೈದನೇ ವಯಸ್ಸಿನಲ್ಲಿ ಸಂಜೆ ಹೋಗಲು ಒಂದು ಜಾಗ ಇತ್ತು, ಹೆಸರು ಹಿಡಿದು ಕರೆಯುವ ಒಬ್ಬ ಅಣ್ಣ ಇದ್ದ, ಹಾಗಾಗಿ ಬೇರೆ ಕಡೆ ಹೋಗಲಿಲ್ಲ. ಇಷ್ಟೇ ಅವನ ಕತೆ. ಇದನ್ನು ಅವನು ವೇದಿಕೆ ಮೇಲೆ ನಿಂತು ಹೇಳಿದರೆ ಯಾರೂ ಹಲ್ಲೆಲೂಯಾ ಅನ್ನುವುದಿಲ್ಲ. ಅವನಿಗೇ ಗೊತ್ತಿರುವುದಿಲ್ಲ, ತಾನು ಯಾವುದರಿಂದ ಉಳಿದೆ ಅಂತ. ಕಟ್ಟೆಗೆ ತಾಗಿ ಬೀಳದೆ ಉಳಿದವರನ್ನು ಯಾರು ಎಣಿಸಿಟ್ಟಿದ್ದಾರೆ? ಹಾಗಾಗಿ ಕಟ್ಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ಸಭೆ ಕೊಡುವುದಿಲ್ಲ, ಸರ್ಕಾರವೂ ಕೊಡುವುದಿಲ್ಲ. ಕೊಟ್ಟರೂ ಕೊನೆಗೆ ಉಳಿದದ್ದನ್ನು ಕೊಡುತ್ತದೆ.

ಯಾರು ಕೊಡಬೇಕು? ವಾಕ್ಯ ನೇರವಾಗಿ ಹೇಳುತ್ತದೆ: ಮನೆ ಕಟ್ಟಿದವನು. ವಿಮೋಚನಕಾಂಡ 21ರ ಕೊನೆಯಲ್ಲೂ ಇದೇ ನ್ಯಾಯ ಉಂಟು. ಗುಂಡಿ ತೆಗೆದು ಮುಚ್ಚದೆ ಬಿಟ್ಟವನು, ಅದರಲ್ಲಿ ಬಿದ್ದ ಎತ್ತಿನ ಬೆಲೆ ಕೊಡಬೇಕು. ಹಾಗಾದರೆ ನಮ್ಮ ರಾಜ್ಯದಲ್ಲಿ ಈ ಮನೆ ಕಟ್ಟಿದವರು ಯಾರು? ಬಾರಿನವನ ಕಡೆ ಬೆರಳು ತೋರಿಸುವುದು ಸುಲಭ. ಆದರೆ ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರ 2003ರಿಂದ ಸರ್ಕಾರದ್ದೇ ಪಾನೀಯ ನಿಗಮದ ಕೈಯಲ್ಲಿ ಉಂಟು. ಎಂಎಸ್‌ಐಎಲ್ ಅಂತ ಬೋರ್ಡು ಹಾಕಿದ ಚಿಲ್ಲರೆ ಅಂಗಡಿಯೂ ಸರ್ಕಾರದ್ದೇ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷೆ ಮಾಡಿದ್ದು 40,000 ಕೋಟಿ ರೂಪಾಯಿ. ದಿನಕ್ಕೆ ಹತ್ತಿರ ಹತ್ತಿರ 110 ಕೋಟಿ. 2011ರ ಜನಗಣತಿಯ 6.11 ಕೋಟಿ ತಲೆಗೆ ಹಂಚಿದರೆ, ತೊಟ್ಟಿಲ ಕೂಸನ್ನೂ ಸೇರಿಸಿ, ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ 6,500 ರೂಪಾಯಿಗಿಂತ ಹೆಚ್ಚು. ಇದು ಗುರಿ. ಗುರಿ ಅಂದರೆ ಇಷ್ಟು ಮಾರಾಟ ಆಗಲೇಬೇಕು ಅಂತ ಮೊದಲೇ ಬರೆದಿಟ್ಟ ಲೆಕ್ಕ. ಅದೇ ಸರ್ಕಾರದಲ್ಲಿ ಮದ್ಯಪಾನ ಸಂಯಮ ಮಂಡಳಿ ಅಂತಲೂ ಒಂದು ಉಂಟು. ಸಂವಿಧಾನದ 47ನೇ ವಿಧಿ ಪಾನನಿರೋಧದ ಕಡೆಗೆ ಪ್ರಯತ್ನ ಮಾಡಬೇಕು ಅನ್ನುತ್ತದೆ. ಒಂದು ಕೈ ಸುರಿಯುತ್ತದೆ, ಇನ್ನೊಂದು ಕೈ ಬೇಡ ಬೇಡ ಅನ್ನುತ್ತದೆ. ಯಾವ ಕೈಗೆ ಬಲ ಜಾಸ್ತಿ ಅಂತ ಬಜೆಟ್ ಪುಸ್ತಕವೇ ಹೇಳುತ್ತದೆ.

ಆದಾಯ ಬಾರದೆ ಸರ್ಕಾರ ನಡೆಯುವುದು ಹೇಗೆ ಅಂತ ಕೇಳುವವರು ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಬಹಳ ಹಿಂದೆಯೇ ಈ ಲೆಕ್ಕ ಮಾಡಿದ್ದಾರೆ. ಆಸ್ಪತ್ರೆ ಖರ್ಚು, ತಪ್ಪಿದ ಕೂಲಿ, ಅಪಘಾತ, ಮನೆಯ ಸಾಲ ಎಲ್ಲ ಕೂಡಿಸಿದರೆ ಕುಡಿತದಿಂದ ಸಮಾಜಕ್ಕೆ ಆಗುವ ನಷ್ಟ ಅದರಿಂದ ಬರುವ ತೆರಿಗೆಯನ್ನು ಮೀರುತ್ತದೆ ಅಂತ ಅವರು ತೋರಿಸಿದರು. ಆದರೆ ಲಾಭ ಬೀಳುವುದು ಖಜಾನೆಯ ಒಂದು ಕಡೆ, ನಷ್ಟ ಬೀಳುವುದು ಸಾವಿರ ಮನೆಗಳ ಅಡುಗೆಕೋಣೆಯಲ್ಲಿ. ಅಡುಗೆಕೋಣೆಯ ಲೆಕ್ಕ ವಿಧಾನಸೌಧಕ್ಕೆ ಹೋಗುವುದಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದುಕೊಂಡೇ ಹೋದರು, ಮದ್ಯ ನಿಷೇಧ ಮಾಡಿ ಅಂತ. ರಾಯಚೂರು ಕಡೆಯ ಕೂಲಿ ಮಾಡುವ ತಾಯಂದಿರು ಅವರಲ್ಲಿ ಬಹಳ. ಆ ಲೆಕ್ಕವನ್ನು ಅವರು ಕಾಲಿನಲ್ಲಿ ಹೊತ್ತುಕೊಂಡು ಹೋದರು.

ನಿಷೇಧ ಮಾಡಿದರೆ ಮುಗಿಯಿತಲ್ಲ ಪಾಸ್ಟರ್, ಇದೆಲ್ಲ ಯಾಕೆ ಅಂತ ಯೂತ್ ಮೀಟಿಂಗಿನಲ್ಲಿ ಒಬ್ಬ ಕೇಳಿದ. ನಾನು ನಿಷೇಧಕ್ಕೆ ವಿರೋಧಿ ಅಲ್ಲ. ಆದರೆ ನಮ್ಮ ಜಿಲ್ಲೆ ಅದನ್ನು ನೋಡಿದೆ. 1956ರ ತನಕ ನಾವು ಮುಂಬೈ ಪ್ರಾಂತದಲ್ಲಿ ಇದ್ದೆವು. ಅಲ್ಲಿ 1949ರಲ್ಲೇ ಪಾನನಿರೋಧ ಕಾಯ್ದೆ ಬಂತು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1960ರ ದಶಕದ ಕೊನೆಗೆ ಅದು ಹೋಯಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಮಿಜೋರಾಂ ನೋಡಿ, ಅಲ್ಲಿ ಸಭೆಗಳೇ ಒತ್ತಾಯ ಮಾಡಿ ತಂದ ನಿಷೇಧ. 1997ರಲ್ಲಿ ಬಂತು, 2015ರಲ್ಲಿ ತೆರೆಯಿತು, 2019ರಲ್ಲಿ ಮತ್ತೆ ಮುಚ್ಚಿತು. ಕಾನೂನಿನ ಬಾಗಿಲು ಸರ್ಕಾರ ಬದಲಾದ ಹಾಗೆ ಆಡುತ್ತದೆ. ನಮಗಂತೂ ಇನ್ನೊಂದು ಬಾಗಿಲು ಹತ್ತಿರವೇ ಉಂಟು. ಕರ್ನಾಟಕದ ನಿಯಮದಲ್ಲಿ 21 ವರ್ಷ ಆಗದವರಿಗೆ ಮದ್ಯ ಮಾರಬಾರದು. ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ಗೋವಾ, ಅಲ್ಲಿ 18. ರೈಲು ಹತ್ತಿದರೆ ಬೆಳಗ್ಗೆ ಹೋಗಿ ರಾತ್ರಿ ಬರಬಹುದು.

ಈ 21ರ ಕಟ್ಟೆಯನ್ನೂ ಒಮ್ಮೆ ತಗ್ಗಿಸಲು ನೋಡಿದರು. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ನಿಯಮ ಹೊರಬಂತು. ಜನ ಆಕ್ಷೇಪಣೆ ಬರೆದರು, ಮಾತಾಡಿದರು. ಕೆಲವೇ ದಿನದಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ರಾಜಕೀಯ ನಮಗೆ ಬೇಡ, ನಾವು ಪ್ರಾರ್ಥನೆ ಮಾಡೋಣ ಅನ್ನುವ ವಿಶ್ವಾಸಿಗಳಿಗೆ ನಾನು ಇದನ್ನೇ ಹೇಳುವುದು: ಪ್ರಾರ್ಥನೆಯನ್ನೂ ಮಾಡಿ, ಒಂದು ಪತ್ರವನ್ನೂ ಬರೆಯಿರಿ. ಆ ಮೂರು ವರ್ಷ ಸಣ್ಣದಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ಮಾಡಿದ ಒಂದು ದೊಡ್ಡ ಅಧ್ಯಯನದಲ್ಲಿ, 15 ವರ್ಷ ತುಂಬುವ ಮೊದಲೇ ಕುಡಿಯಲು ಶುರು ಮಾಡಿದವರು ಮುಂದೆ ಕುಡಿತಕ್ಕೆ ದಾಸರಾಗುವ ಸಾಧ್ಯತೆ, 20 ದಾಟಿದ ಮೇಲೆ ಶುರು ಮಾಡಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಅಂತ ಕಂಡಿತು. ತಡ ಮಾಡಿಸುವುದೇ ಒಂದು ಕಟ್ಟೆ.

ಕುಡಿತ ಒಂದೇ ಅಲ್ಲ. 2019ರಲ್ಲಿ ಕೇಂದ್ರ ಸರ್ಕಾರಕ್ಕೆ ಏಮ್ಸ್‌ನವರು ಮಾಡಿಕೊಟ್ಟ ಸಮೀಕ್ಷೆಯಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಒಂದು ಸಾಲು. ಮೂಗಿನಲ್ಲಿ ಎಳೆಯುವ ಪದಾರ್ಥ, ವೈಟ್ನರ್, ಸೊಲ್ಯೂಷನ್ ಅಂಥದ್ದು, ಅದೊಂದರಲ್ಲಿ ಮಾತ್ರ ದೊಡ್ಡವರಿಗಿಂತ 10ರಿಂದ 17 ವರ್ಷದ ಮಕ್ಕಳ ಪ್ರಮಾಣ ಜಾಸ್ತಿ. ಶೇಕಡಾ 1.17. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಸಾಮಾನು ಅದು. ಇದಕ್ಕೆ ಯಾವ ಪಾನನಿರೋಧ ಮಾಡುತ್ತೀರಿ?

ಸರಿ, ದುಡ್ಡು ಬಂತು ಅಂತ ಇಟ್ಟುಕೊಳ್ಳಿ. ಖರ್ಚು ಮಾಡುವುದು ಎಲ್ಲಿ? ಜೂನ್ 26ಕ್ಕೆ ಮಾದಕ ವಸ್ತು ವಿರೋಧಿ ದಿನ. ಶಾಲೆ ಮಕ್ಕಳಿಗೆ ಫಲಕ ಹಿಡಿಸಿ, ಮಳೆಯಲ್ಲಿ ಬಸ್‌ಸ್ಟ್ಯಾಂಡ್ ತನಕ ಜಾಥಾ, ಪ್ರತಿಜ್ಞೆ, ಫೋಟೋ, ಬಿಸ್ಕತ್ತು. ನಾನು ಗೇಲಿ ಮಾಡುತ್ತಿಲ್ಲ, ಮಾಡುವವರ ಮನಸ್ಸು ಒಳ್ಳೆಯದೇ. ಆದರೆ ಹೇಳಿಕೆಯಿಂದ ಹುಡುಗ ನಿಲ್ಲುವುದಾದರೆ ಅಮ್ಮನ ಹೇಳಿಕೆಗೇ ನಿಲ್ಲುತ್ತಿದ್ದ. ಅಮೆರಿಕದಲ್ಲಿ 1983ರಿಂದ ಪೊಲೀಸರನ್ನೇ ತರಗತಿಗೆ ಕಳಿಸಿ ಪಾಠ ಮಾಡಿಸುವ ಡೇರ್ ಅನ್ನುವ ಕಾರ್ಯಕ್ರಮ ದೇಶ ತುಂಬ ನಡೆಯಿತು. ಎಷ್ಟೋ ದುಡ್ಡು ಹೋಯಿತು. ಆಮೇಲೆ ಪರೀಕ್ಷೆ ಮಾಡಿ ನೋಡಿದವರಿಗೆ, ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಪ್ರಸಂಗ ಮಾಡುವ ನನಗೆ ಇದು ಕೇಳಲು ಹಿತವಾದ ಸುದ್ದಿ ಅಲ್ಲ ಬಿಡಿ.

ಕೆಲಸ ಆದದ್ದು ಐಸ್‌ಲ್ಯಾಂಡ್ ಅನ್ನುವ ಚಿಕ್ಕ ದೇಶದಲ್ಲಿ. 1998ರಲ್ಲಿ ಅಲ್ಲಿಯ 15-16 ವರ್ಷದ ಮಕ್ಕಳಲ್ಲಿ ಶೇಕಡಾ 42 ಮಂದಿ, ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದೇವೆ ಅಂದಿದ್ದರು. 2016ಕ್ಕೆ ಅದು ಶೇಕಡಾ 5ಕ್ಕೆ ಇಳಿಯಿತು. ಏನು ಮಾಡಿದರು? ವರ್ಷ ವರ್ಷ ಮಕ್ಕಳನ್ನೇ ಕೇಳಿ ಲೆಕ್ಕ ತೆಗೆದರು. ಸಾರ್ವಜನಿಕ ದುಡ್ಡನ್ನು ಆಟ, ಸಂಗೀತ, ನೃತ್ಯದ ಕ್ಲಬ್ಬುಗಳಿಗೆ ಹಾಕಿದರು. ರೇಕ್ಯಾವಿಕ್ ನಗರದಲ್ಲಿ ಒಂದೊಂದು ಮಗುವಿನ ಹೆಸರಿನಲ್ಲಿ ಇಂಥದ್ದಕ್ಕೇ ಖರ್ಚು ಮಾಡಲು ಮನೆಗೆ ಹಣ ಕೊಟ್ಟರು. 13ರಿಂದ 16 ವರ್ಷದವರು ಚಳಿಗಾಲದಲ್ಲಿ ರಾತ್ರಿ ಹತ್ತರ ನಂತರ ಹೊರಗಿರಬಾರದು ಅಂದರು. ಅಪ್ಪ-ಅಮ್ಮಂದಿರು ಸೇರಿಕೊಂಡು ರಾತ್ರಿ ಬೀದಿಯಲ್ಲಿ ಒಂದು ಸುತ್ತು ನಡೆದು ನೋಡಿದರು. ಭಾಷಣಕ್ಕಿಂತ ಸಂಜೆಗೆ ದುಡ್ಡು ಹಾಕಿದರು ಅಂತ ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ.

ಬೈಬಲ್ ಇದನ್ನು ಮೊದಲೇ ಹೇಳಿದೆ. ಯೆರೆಮೀಯ 35 ಓದಿ. ರೇಕಾಬ್ಯರನ್ನು ದೇವಾಲಯದ ಕೋಣೆಗೆ ಕರೆದು, ಮುಂದೆ ದ್ರಾಕ್ಷಾರಸ ಇಟ್ಟು ಕುಡಿಯಿರಿ ಅಂದರೆ ಅವರು ಮುಟ್ಟಲಿಲ್ಲ. ಅವರ ಮೂಲಪುರುಷ ಯೋನಾದಾಬ ಹೇಳಿ ಆಗಲೇ ಇನ್ನೂರು ವರ್ಷ ದಾಟಿತ್ತು. ಇನ್ನೂರು ವರ್ಷ ಒಂದು ಮಾತು ಉಳಿದದ್ದು ಹೇಗೆ? ಅವನು ಕುಡಿಯಬೇಡಿ ಅಂತ ಮಾತ್ರ ಹೇಳಲಿಲ್ಲ. ದ್ರಾಕ್ಷೆ ತೋಟವೇ ಬೇಡ, ಗುಡಾರದಲ್ಲಿ ಒಟ್ಟಿಗೆ ಇರಿ ಅಂದ. ಅಂದರೆ ಒಂದು ಬದುಕನ್ನೇ ಕಟ್ಟಿಕೊಟ್ಟ. ಅದರೊಳಗೆ ಹುಟ್ಟಿದ ಹುಡುಗನಿಗೆ ಸಂಜೆ ಎಲ್ಲಿಗೆ ಹೋಗಲಿ ಅನ್ನುವ ಪ್ರಶ್ನೆಯೇ ಇರಲಿಲ್ಲ. ನಾವು ಗುಡಾರಕ್ಕೆ ಹೋಗಲಾರೆವು. ನಮ್ಮ ಮನೆ ಎನ್‌ಎಚ್ 66ರ ಬದಿಯಲ್ಲೇ ಉಂಟು.

ಈಗ ನಮ್ಮ ಊರಿಗೆ ಬರುತ್ತೇನೆ. ಜೂನ್ 1ರಿಂದ ಜುಲೈ 31, ಯಾಂತ್ರಿಕ ದೋಣಿಗಳಿಗೆ ರಜೆ. 61 ದಿನ. ಅಳ್ವೆಕೋಡಿ, ತೆಂಗಿನಗುಂಡಿಯಲ್ಲಿ ದೋಣಿ ದಡಕ್ಕೆ ಬಂದರೆ, ಹತ್ತನೇ ಕ್ಲಾಸು ಬಿಟ್ಟು ಬಲೆ ಹಿಡಿದ ಹುಡುಗರ ಕೈಯಲ್ಲಿ ಹಂಗಾಮಿನ ದುಡ್ಡು ಉಂಟು, ಮಾಡಲು ಕೆಲಸ ಇಲ್ಲ, ಹೊರಗೆ ಜಡಿಮಳೆ. ಶಾಲೆಗೆ ಹೋಗುವವರು ಅವರ ಹಿಂದೆ ಸುತ್ತುತ್ತಾರೆ. ದೊಡ್ಡವನು ತಂದ, ಚಿಕ್ಕವನು ರುಚಿ ನೋಡಿದ. ಶುರುವಾಗುವುದು ಹೀಗೆ. ಬಾಲನ್ಯಾಯ ಕಾಯ್ದೆ 2015ರ 77ನೇ ಕಲಂ ಪ್ರಕಾರ ಮಗುವಿಗೆ ಮದ್ಯ ಕೊಟ್ಟವನಿಗೆ ಏಳು ವರ್ಷದ ತನಕ ಸಜೆ, ಒಂದು ಲಕ್ಷದ ತನಕ ದಂಡ. ಆ ಕಲಂ ಹಿಡಿದುಕೊಂಡು ಸ್ವಂತ ಅಣ್ಣನನ್ನು ಯಾರು ಠಾಣೆಗೆ ಕರೆದೊಯ್ಯುತ್ತಾರೆ?

ನಮ್ಮ ಯೂತ್‌ನವರು ಏಪ್ರಿಲ್‌ನಲ್ಲಿ ಯೋಚನೆ ಮಾಡಿದರು, ಮಳೆಗಾಲದ ಮೊದಲು ಈ ಹುಡುಗರಿಗಾಗಿ ಒಂದು ವಾಲಿಬಾಲ್ ಪಂದ್ಯ ಮಾಡೋಣ ಅಂತ. ದುಡ್ಡಿಲ್ಲ. ಆಗ ಹೆದ್ದಾರಿ ಬದಿಯಲ್ಲಿ ಬಾರ್ ನಡೆಸುವ ಒಬ್ಬರು ತಾವಾಗಿಯೇ ಮುಂದೆ ಬಂದರು. ನೆಟ್ಟು, ಬಾಲು, ಎಲ್ಲ ತಂಡಕ್ಕೂ ಜೆರ್ಸಿ, ಮೊದಲ ಬಹುಮಾನ ಎಲ್ಲ ಕೊಡುತ್ತಾರಂತೆ. ಬ್ಯಾನರಿನಲ್ಲಿ, ಜೆರ್ಸಿಯ ಬೆನ್ನಿನಲ್ಲಿ ಬಾರಿನ ಹೆಸರು. ಅವರು ಕೆಟ್ಟ ಮನುಷ್ಯ ಅಲ್ಲ. ಊರಲ್ಲಿ ಯಾರ ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದರೂ ಕೈ ಹಿಡಿಯುವವರು. ಪಾಸ್ಟರ್, ತಗೊಳ್ಳಬಹುದಾ ಅಂತ ಹುಡುಗರು ನನ್ನ ಹತ್ತಿರ ಬಂದರು. ಕುಡಿತದ ದುಡ್ಡಿನಿಂದಲೇ ಕುಡಿತ ತಪ್ಪಿಸಿದರೆ ಒಳ್ಳೆಯದೇ ಅಲ್ವಾ ಅಂತ ಒಬ್ಬ. ದೇವರ ಕೆಲಸಕ್ಕೆ ಹೊಲಸು ದುಡ್ಡು ಬೇಡ ಅಂತ ಇನ್ನೊಬ್ಬ.

ಎರಡನೆಯವನಿಗೆ ನಾನು ಮತ್ತಾಯ 27 ತೋರಿಸಿದೆ. ಯೂದನು ಮೂವತ್ತು ಬೆಳ್ಳಿ ನಾಣ್ಯ ಎಸೆದು ಹೋದ ಮೇಲೆ ಮಹಾಯಾಜಕರಿಗೆ ಧರ್ಮಸಂಕಟ ಶುರುವಾಗುತ್ತದೆ. ಇದು ರಕ್ತದ ಬೆಲೆ, ಕಾಣಿಕೆ ಪೆಟ್ಟಿಗೆಗೆ ಹಾಕುವುದು ಸರಿಯಲ್ಲ ಅಂತ. ಆ ನಾಣ್ಯಗಳನ್ನು ಯೂದನಿಗೆ ಎಣಿಸಿ ಕೊಟ್ಟವರು ಯಾರು? ಇವರೇ. ಕೊಡುವಾಗ ಬಾರದ ಮಡಿ ತೆಗೆದುಕೊಳ್ಳುವಾಗ ಬಂತು. ಕೊನೆಗೆ ಪರದೇಶಿಗಳನ್ನು ಹೂಳಲು ಕುಂಬಾರನ ಹೊಲ ಕೊಂಡರು. ತಡವಾಗಿ ಬಂದ ದುಡ್ಡಿಗೆ ಸಿಕ್ಕಿದ್ದು ಸ್ಮಶಾನ. ಹಾಗಾಗಿ ದುಡ್ಡು ಹೊಲಸು ಅಂತ ಮೂಗು ಮುಚ್ಚುವುದರಿಂದ ನಮ್ಮ ಕೈ ಶುದ್ಧವಾಗುವುದಿಲ್ಲ. ನಮ್ಮ ಊರಿನ ರಸ್ತೆ, ಶಾಲೆ, ನಮ್ಮಲ್ಲಿ ಕೆಲವರ ಸಂಬಳ, ಎಲ್ಲದರಲ್ಲೂ ಆ 40,000 ಕೋಟಿಯ ಪಾಲು ಉಂಟು.

ಮೊದಲನೆಯವನಿಗೆ ನಾನು ಹೇಳಿದ್ದು ಬೇರೆ. ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ ಹಾಗೆ, ಅದು ಏನನ್ನು ಕೊಳ್ಳಲು ಬಂತು ಅಂತಲೂ ಕೇಳು. ಜಕ್ಕಾಯನ ದುಡ್ಡೂ ಕೆಟ್ಟ ದಾರಿಯದ್ದೇ. ಯೇಸು ಅದನ್ನು ಬೇಡ ಅನ್ನಲಿಲ್ಲ, ಯಾಕಂದರೆ ಅದು ತಿರುಗಿ ಕೊಡುವ ದುಡ್ಡು, ನಾಲ್ಕು ಪಟ್ಟು, ಹೆಸರಿಲ್ಲದೆ. ಜೆರ್ಸಿಯ ದುಡ್ಡು ಹಾಗಲ್ಲ. ಅದು ಹದಿನಾಲ್ಕು ವರ್ಷದ ಹುಡುಗನ ಬೆನ್ನನ್ನೇ ಬೋರ್ಡು ಮಾಡಿಕೊಳ್ಳುತ್ತದೆ. ಇದು ಬರೀ ಶಿರಾಲಿಯ ಕತೆ ಅಲ್ಲ. ನೀವೆಲ್ಲ ಕೂಗಿ ಕೂಗಿ ಗಂಟಲು ಹರಿದುಕೊಳ್ಳುವ ಆರ್‌ಸಿಬಿಯ ಹೆಸರು ಕೂಡ ಒಂದು ವಿಸ್ಕಿಯ ಹೆಸರಿನಿಂದ ಬಂದದ್ದು. ಬೇಜಾರು ಮಾಡಿಕೊಳ್ಳಬೇಡಿ, ಕಪ್ ಬಂದ ರಾತ್ರಿ ನಾನೂ ಕುಣಿದವನೇ. ಆದರೆ ಆ ಹೆಸರನ್ನು ಯಾಕೆ ಇಟ್ಟರು ಅಂತ ತಿಳಿದಿರಲಿ.

ಅಮೆರಿಕದಲ್ಲಿ ಕುಡಿತ ಬಿಟ್ಟವರು ಸೇರಿ ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದ ಹೊಸದರಲ್ಲಿ, 1938ರಲ್ಲಿ, ದೊಡ್ಡ ಶ್ರೀಮಂತ ರಾಕ್‌ಫೆಲ್ಲರ್ ಹತ್ತಿರ ದುಡ್ಡು ಕೇಳಿದರು. ಅವರು 5,000 ಡಾಲರ್ ಮಾತ್ರ ಕೊಟ್ಟರು, ಹೆಚ್ಚು ದುಡ್ಡು ಇದನ್ನು ಹಾಳು ಮಾಡೀತು ಅಂತ. ಆಮೇಲೆ ಆ ಗುಂಪುಗಳು ಹೊರಗಿನವರ ದುಡ್ಡೇ ಬೇಡ, ನಮ್ಮ ಖರ್ಚು ನಾವೇ ನೋಡಿಕೊಳ್ಳುತ್ತೇವೆ ಅಂತ ನಿಯಮ ಮಾಡಿಕೊಂಡವು. ನಮ್ಮ ಕಡೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯವರು ಮಾಡುವ ಎಂಟು ದಿನದ ಮದ್ಯವರ್ಜನ ಶಿಬಿರ ನೋಡಿದ್ದೀರಿ. ಅದು ನಮ್ಮ ನಂಬಿಕೆಯ ಸಂಸ್ಥೆ ಅಲ್ಲ. ಆದರೆ ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಮಾಡಿ, ಬಿಟ್ಟವರನ್ನು ಮತ್ತೆ ಮತ್ತೆ ಸೇರಿಸುತ್ತಾರಲ್ಲ, ಅದನ್ನು ನಾವು ಕಲಿಯಬೇಕು.

ಆ ಬಾರಿನ ಅಣ್ಣನಿಗೆ ಏನು ಹೇಳುವುದು ಅಂತ ನಾವು ತೀರ್ಮಾನ ಮಾಡಿದ್ದೇವೆ. ಜೆರ್ಸಿ ಬೇಡ ಅಣ್ಣ. ನಿಮ್ಮ ಅಂಗಡಿಗೆ 21 ಆಗದ ಹುಡುಗ ಬಂದರೆ ಕೊಡಬೇಡಿ, ಅವನಿಗೋಸ್ಕರ ತೆಗೆದುಕೊಂಡು ಹೋಗಲು ಬಂದ ದೊಡ್ಡವನಿಗೂ ಕೊಡಬೇಡಿ. ಅದು ನಿಮ್ಮ ಮಾಳಿಗೆಯ ಕಟ್ಟೆ. ಅದಕ್ಕೆ ನಮ್ಮ ಬ್ಯಾನರ್ ಬೇಕಾಗಿಲ್ಲ. ಹೀಗೆ ಮಾಡಿದರೆ ಅವರಿಗೆ ವ್ಯಾಪಾರ ಕಡಿಮೆಯಾದೀತು. ಪಂದ್ಯದ ಖರ್ಚಿಗಿಂತ ಅದು ಜಾಸ್ತಿಯೇ ಆದೀತು. ಅವರು ಒಪ್ಪುತ್ತಾರೋ ಇಲ್ಲವೋ, ಕೇಳುವುದು ನಮ್ಮ ಕೆಲಸ.

ಇಲ್ಲಿಗೆ ಮುಗಿಯಲಿಲ್ಲ. ಇನ್ನೊಂದು ಮಾತು ಉಂಟು, ಇದು ನಮಗೇ ಸ್ವಲ್ಪ ಚುಚ್ಚುತ್ತದೆ. ಅವರ ಬ್ಯಾನರ್ ಬೇಡ ಅಂದ ಮೇಲೆ ನಮ್ಮ ಬ್ಯಾನರ್ ಹಾಕಬಹುದಾ? ಒಂದು ದಿನದ ಪಂದ್ಯದಿಂದ ಆಗುವುದು ಅಷ್ಟಕ್ಕಷ್ಟೇ. ಬೇಕಾಗಿರುವುದು ಮಳೆಗಾಲದ 61 ಸಂಜೆ. ನಮ್ಮ ಪ್ರಾರ್ಥನಾ ಹಾಲ್ ವಾರದಲ್ಲಿ ಐದು ದಿನ ಖಾಲಿ. ಕೇರಂ, ಚೆಸ್, ಒಂದು ಗಿಟಾರ್, ಎಸ್‌ಎಸ್‌ಎಲ್‌ಸಿಯಲ್ಲಿ ಫೇಲಾದವರಿಗೆ ಗಣಿತ ಹೇಳಿಕೊಡುವವರು, ಬಿಸಿ ಚಾ, ಅವಲಕ್ಕಿ. ಹಾಲ್‌ನಲ್ಲೇ ಮಾಡೋಣ ಅಂತ ಹಲವರು ಹೇಳಿದಿರಿ. ನಮ್ಮ ಊರು ಹೇಗೆ ಅಂತ ನಿಮಗೆ ಗೊತ್ತು. ನಾಮಧಾರಿಗಳ, ಮೊಗೇರರ, ಖಾರ್ವಿಗಳ, ನವಾಯತರ ಮಕ್ಕಳನ್ನು ಪೆಂಟೆಕೋಸ್ಟಲ್ ಹಾಲ್‌ಗೆ ಕರೆದರೆ ಮಾರನೇ ದಿನ ಏನು ಮಾತು ಹುಟ್ಟುತ್ತದೆ? ಮತಾಂತರ. ಅದು ಅನ್ಯಾಯದ ಮಾತು ಅಂತ ನೀವು ಹೇಳಬಹುದು. ಆದರೆ ಪ್ರಾಮಾಣಿಕವಾಗಿ ಕೇಳಿಕೊಳ್ಳಿ, ನಮ್ಮ ಮನಸ್ಸಿನ ಮೂಲೆಯಲ್ಲಿ ಆ ಆಸೆ ಇಲ್ಲವಾ? ಕೇರಂಗೆ ಬಂದವನು ಆಮೇಲೆ ಆರಾಧನೆಗೂ ಬಂದಾನು ಅಂತ? ಸುವಾರ್ತೆ ಸಾರುವುದು ತಪ್ಪಲ್ಲ. ಬೇಕಾದರೆ ಹಗಲು ಹೊತ್ತಿನಲ್ಲಿ, ದೊಡ್ಡವರ ಹತ್ತಿರ, ಬಾಯಿಬಿಟ್ಟು ಹೇಳಿ. ಅಪ್ಪ-ಅಮ್ಮನಿಗೆ ಒಂದು ಹೇಳಿ ಮಗುವಿಗೆ ಇನ್ನೊಂದು ಮಾಡುವುದು ಜೆರ್ಸಿಯ ಬೆನ್ನಿನ ಹೆಸರಿಗಿಂತ ಉತ್ತಮ ಅಂತ ನನಗೆ ಅನ್ನಿಸುವುದಿಲ್ಲ. ಧರ್ಮೋಪದೇಶಕಾಂಡದ ಕಟ್ಟೆ ಮನೆಯವರನ್ನೂ ಕಾಯುತ್ತದೆ, ನೆಂಟರನ್ನೂ ಕಾಯುತ್ತದೆ, ಬಾಡಿಗೆಗೆ ಬಂದವನನ್ನೂ ಕಾಯುತ್ತದೆ.

ಹಾಗಾಗಿ ಹಾಲ್‌ನಲ್ಲಿ ಬೇಡ ಅಂತ ನನ್ನ ಅಭಿಪ್ರಾಯ. ಪಂಚಾಯತ್ ಗ್ರಂಥಾಲಯ ಉಂಟು, ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಶಾಲೆಯ ಸಭಾಂಗಣ ಉಂಟು. ಪಂಚಾಯತ್‌ಗೆ ಅರ್ಜಿ ಕೊಡೋಣ, ಈ ಎರಡು ತಿಂಗಳು ಸಂಜೆ ಎಂಟರ ತನಕ ತೆರೆದಿಡಿ ಅಂತ. ನಮ್ಮ ಸಭೆಯವರು ಮಾತ್ರ ಹೋಗುವುದಲ್ಲ. ಆ ಮಕ್ಕಳ ತಾಯಂದಿರು, ಸ್ವಸಹಾಯ ಸಂಘದವರು, ಮೀನುಗಾರರ ಸಂಘದವರು, ಮಸೀದಿಯ ಹಿರಿಯರು ಬಂದರೆ ಅವರೂ. ಮಕ್ಕಳ ಗ್ರಾಮಸಭೆ ಅಂತ ವರ್ಷಕ್ಕೊಮ್ಮೆ ಪಂಚಾಯತ್ ನಡೆಸಬೇಕು. ಅಲ್ಲಿ ಮಕ್ಕಳೇ ಎದ್ದು ನಿಂತು ಆಟದ ಜಾಗಕ್ಕೆ ಲೈಟು ಕೇಳಲಿ. ಅಬಕಾರಿ ದುಡ್ಡಿನಲ್ಲಿ ಒಂದು ಪಾಲು ಮಕ್ಕಳ ಸಂಜೆಗೆ ಅಂತ ಎತ್ತಿಡಿ ಅಂತ ನಾವು ಶಾಸಕರಿಗೆ ಬರೆಯೋಣ. ಸರ್ಕಾರದ ದುಡ್ಡು ತೆಗೆದುಕೊಳ್ಳುವುದರಲ್ಲಿ ನನಗೆ ಸಂಕೋಚ ಇಲ್ಲ. ಅದು ದಾನ ಅಲ್ಲ, ಮನೆ ಕಟ್ಟಿದವನ ಬಾಕಿ.

ಆ ಬಾಕಿ ಬರುವ ತನಕ ಹುಡುಗರು ಮಾಳಿಗೆಯ ಅಂಚಿನಲ್ಲಿ ಕಾಯುತ್ತಾ ನಿಲ್ಲುವುದಿಲ್ಲ. ಈ ಎರಡು ತಿಂಗಳ ಚಾ, ಅವಲಕ್ಕಿ, ಕರೆಂಟು, ಎರಡು ಕೇರಂ ಬೋರ್ಡು ಇವುಗಳ ಖರ್ಚನ್ನು ನಾವು ಕೊಡೋಣ. ಯೂತ್ ಕ್ಯಾಂಪಿಗೆ ಅಂತ ಕೂಡಿಟ್ಟ ದುಡ್ಡಿನಿಂದಲೇ ಕೊಡೋಣ ಅಂತ ಹಿರಿಯರ ಮುಂದೆ ಇಟ್ಟಿದ್ದೇನೆ. ಈ ವರ್ಷ ಕ್ಯಾಂಪಿಗೆ ಟೀ ಶರ್ಟು ಇಲ್ಲ, ಡಿಜೆ ಸ್ಪೀಕರ್ ಇಲ್ಲ. ಯಾರಿಗಾದರೂ ಬೇಸರ ಆದರೆ ನನ್ನ ಹತ್ತಿರ ಬಂದು ಹೇಳಿ. ರಸೀದಿಯಲ್ಲಿ ಸಭೆಯ ಹೆಸರು ಇರುವುದಿಲ್ಲ. ಸಾಕ್ಷಿಯೂ ಬರುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಇರುವವರು ದುಡ್ಡು ಕಳಿಸಬಹುದು. ಅದಕ್ಕಿಂತ ಹೆಚ್ಚಾಗಿ, ಜೂನ್‌ನಲ್ಲಿ ಊರಿಗೆ ಬಂದಾಗ ಒಂದು ಸಂಜೆ ಬಂದು ಕೂತು ಗಣಿತ ಹೇಳಿಕೊಡಿ. ಈಗಾಗಲೇ ಸಿಕ್ಕಿಬಿದ್ದವರು ನಿಮ್ಮ ಮನೆಯಲ್ಲೋ ರೂಮಿನಲ್ಲೋ ಇದ್ದರೆ 14446ಕ್ಕೆ ಫೋನ್ ಮಾಡಿ, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ಪ್ರಾರ್ಥನೆಗೂ ಕರೆದುಕೊಂಡು ಬನ್ನಿ, ವೈದ್ಯರ ಹತ್ತಿರವೂ ಕರೆದುಕೊಂಡು ಹೋಗಿ. ಒಂದು ಇನ್ನೊಂದಕ್ಕೆ ಅಡ್ಡಿ ಅಲ್ಲ.

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಪಂಚಾಯತ್ ಕಚೇರಿಗೆ ಹೋಗುವುದು. ಅರ್ಜಿ ಬರೆದಾಗಿದೆ, ಸಹಿ ಇನ್ನೂ ಬೇಕು. ಬಾರಿನ ಅಣ್ಣನ ಹತ್ತಿರ ಮಾತಾಡಲು ಬುಧವಾರ ಮಧ್ಯಾಹ್ನ, ಅಂಗಡಿಯಲ್ಲಿ ಜನ ಕಡಿಮೆ ಇರುವಾಗ. ನನ್ನ ಜೊತೆ ಇಬ್ಬರು ಬನ್ನಿ, ಅದಕ್ಕಿಂತ ಹೆಚ್ಚು ಬೇಡ, ಗುಂಪು ಕಟ್ಟಿಕೊಂಡು ಹೋದರೆ ಅವರಿಗೆ ಅವಮಾನ ಆದೀತು. 61 ಸಂಜೆಗಳ ಹಾಳೆ ಬಾಗಿಲ ಹತ್ತಿರ ಮೇಜಿನ ಮೇಲೆ ಇಟ್ಟಿದ್ದೇವೆ. ಒಂದೊಂದು ಸಂಜೆಗೆ ಇಬ್ಬರ ಹೆಸರು. ಭಾನುವಾರಗಳು ಆಗಲೇ ತುಂಬಿವೆ, ಶನಿವಾರಗಳು ಖಾಲಿ ಇವೆ. ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.